ಅಪ್‌ಡೇಟ್: ಕ್ಯಾರಿಯರ್ ಇಲ್ಲದ ಎಟಿವಿಗೆ ಕೊನೆಗೂ ಚೀಲ ಕಟ್ಟಿದೆ

ಹೋದ ತಿಂಗಳು ಇಲ್ಲಿ ಕೇಳಿದ್ದೆ. ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಟ. ತೋಟದೊಳಗೆ ಓಡಾಡೋಕೆ ಅಂತ ಸೆಕೆಂಡ್ ಹ್ಯಾಂಡ್ ಎಟಿವಿ (ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸೋ ನಾಲ್ಕು ದಪ್ಪ ಚಕ್ರದ ಗಾಡಿ) ತಂದೆ, ಆದರೆ ಮುಂದೂ ಇಲ್ಲ ಹಿಂದೂ ಇಲ್ಲ ಕ್ಯಾರಿಯರ್. ಸಾಮಾನು ಹೇಗೆ ಒಯ್ಯೋದು ಅಂತ.

ಸೀಟಿನ ಎರಡೂ ಕಡೆ ಚೀಲ ಇಳಿಬಿಡಿ ಅಂದಿದ್ರಿ, ಕತ್ತೆ ಮೇಲೆ ಹೇರು ಹಾಕಿದ ಹಾಗೆ. ನಾನು ಜಾಣತನ ಮಾಡಿ ಖಾಲಿ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನೇ ಕಟ್ಟಿ, ಅದರಲ್ಲಿ ಗೊಬ್ಬರ ಹಾಕಿಕೊಂಡು ಹೊರಟೆ. ಬಲಗಡೆಯದು ಸೈಲೆನ್ಸರ್‌ಗೆ ತಾಗಿ ಕರಗಿತು. ತಿರುಗಿ ನೋಡಿದರೆ ದಾರಿಯುದ್ದಕ್ಕೂ ಬಿಳಿ ಗೆರೆ, ಯೂರಿಯಾ! ಅಪ್ಪ ಇನ್ನೂ ನಗ್ತಿದ್ದಾರೆ.

ಆಮೇಲೆ ಆಟೋ ಸೀಟು ಹೊಲಿಯುವವರ ಹತ್ತಿರ ದಪ್ಪ ಕ್ಯಾನ್ವಾಸಿನಲ್ಲಿ ಜೋಡಿ ಚೀಲ ಹೊಲಿಸಿದೆ. ಸೈಲೆನ್ಸರ್ ಕಡೆಯದು ಒಂದು ಗೇಣು ಗಿಡ್ಡ. ಪಟ್ಟಿಯನ್ನು ಸೀಟಿನ ಕೆಳಗಿನ ಕಬ್ಬಿಣದ ಫ್ರೇಮಿಗೇ ಬಿಗಿದೆ. ಮಡ್‌ಗಾರ್ಡ್ ಬರೀ ಪ್ಲಾಸ್ಟಿಕ್, ಭಾರ ತಡೆಯಲ್ಲ. ಕತ್ತರಿ, ಹಗ್ಗ, ಊಟದ ಡಬ್ಬಿ ಎಲ್ಲ ಅದರಲ್ಲೇ. ಮೇಲೆ ಹಳೇ ಸೈಕಲ್ ಟ್ಯೂಬು ಸುತ್ತಿದರೆ ಅಲುಗಾಡಲ್ಲ.

ಸ್ಪ್ರೇಯರ್ ಮಾತ್ರ ಖಾಲಿ ಒಯ್ತೀನಿ. 16 ಲೀಟರ್ ತುಂಬಿಸಿದರೆ ನೀರೇ 16 ಕೆಜಿ. ಒಂದ್ಸಲ ಹಿಂದೆ ಕಟ್ಟಿಕೊಂಡು ದಿಬ್ಬ ಹತ್ತುವಾಗ ಹ್ಯಾಂಡಲ್ ಹಗುರ ಆಯ್ತು, ಮುಂದಿನ ಚಕ್ರ ಏಳೋದೊಂದೇ ಬಾಕಿ. ಈಗ ತೋಟದ ಆ ತುದಿಯಲ್ಲೇ ಒಂದು ನೀರಿನ ಡ್ರಮ್ ಇಟ್ಟಿದ್ದೀನಿ.

45 ಕೆಜಿ ಯೂರಿಯಾ ಮೂಟೆ? ಅದಕ್ಕೆ ಟ್ರ್ಯಾಕ್ಟರೇ ಸರಿ.