ಪುಟ್ಟನ ಪಿಕಪ್ ವಿಷಯ, ಎಲ್ಲರೂ ಪೂರ್ತಿ ಕೇಳಿ

ತಂಗೀ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಅಷ್ಟೆಲ್ಲ ಟೈಪ್ ಮಾಡಲು ನನ್ನ ಕೈಲಿ ಆಗುವುದಿಲ್ಲ. ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅರ್ಧಕ್ಕೆ ನಿಲ್ಲಿಸಬೇಡಿ. ಪುಟ್ಟನಿಗೂ ಕೇಳಿಸು. ಅವನು ಓಡಿ ಹೋದರೂ ಹಿಡಿದು ಕೂರಿಸಿ ಕೇಳಿಸು.

ಪುಟ್ಟ ಸ್ಪ್ರಿಂಗ್ ಇಳಿಸಿ ಪಿಕಪ್ಪಿನ ಎತ್ತರವನ್ನು 3 ಇಂಚು ತಗ್ಗಿಸುತ್ತಾನಂತೆ. ನೋಡಲು ಚೆನ್ನಾಗಿರುತ್ತದಂತೆ, ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದಂತೆ. ಇದರಿಂದ ಏನಾದರೂ ತೊಂದರೆ ಇದೆಯಾ ಅಣ್ಣ, ನಂಗೆ ನಿದ್ದೆ ಬರುತ್ತಿಲ್ಲ ಅಂತ ಕೇಳಿದ್ದೀಯ. ನಿದ್ದೆ ಬರದಿದ್ದದ್ದು ಸರಿಯಾಗಿಯೇ ಇದೆ. ನಿನ್ನ ಮೆಸೇಜು ಓದಿದ ಮೇಲೆ ನನಗೂ ನಮ್ಮ ಹಳೇ ನೀಲಿ ಗಾಡಿ ಕಣ್ಣ ಮುಂದೆ ಬಂದು ನಿಂತುಬಿಟ್ಟಿತು. ಆ ಗಾಡಿ ನಿಮಗೆಲ್ಲ ಗೊತ್ತೇ ಇದೆ. ಆದರೆ ಆವತ್ತು ಏನಾಯಿತು, ಯಾಕಾಯಿತು ಅನ್ನುವುದು ಯಾರಿಗೂ ಪೂರ್ತಿ ಗೊತ್ತಿಲ್ಲ. ಯಾಕೆಂದರೆ ಯಾರೂ ಕೇಳಲೇ ಇಲ್ಲ.

ಪುಟ್ಟ ಹೇಳುವುದರಲ್ಲಿ ಸುಳ್ಳಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಭಾರ ನೆಲಕ್ಕೆ ಹತ್ತಿರ ಬಂದರೆ ತಿರುವಿನಲ್ಲಿ ವಾಲುವುದು ಕಡಿಮೆ ಆಗುತ್ತದೆ. ಹತ್ತಿ ಇಳಿಯುವುದು ಸುಲಭ. ಸಾಮಾನು ಹಾಕುವುದು ಇನ್ನೂ ಸುಲಭ. ನಾನು ತಗ್ಗಿಸಿದ್ದೇ ಆ ಕಾರಣಕ್ಕೆ. ದಿನಕ್ಕೆ ಮೂವತ್ತು ನಲವತ್ತು ಸಲ ಮೂಟೆಯನ್ನು ಎದೆಮಟ್ಟಕ್ಕೆ ಎತ್ತಿ ಲೋಡ್ ಬಾಡಿಗೆ ಹಾಕುವವನಿಗೆ 3 ಇಂಚು ಅಂದರೆ ಏನು ಅಂತ ಬೆನ್ನಿಗೇ ಗೊತ್ತು. ಶೋಕಿಗೆ ಮಾಡಿದ್ದಲ್ಲ. ಇದನ್ನು ದೊಡ್ಡಣ್ಣನೂ ಕೇಳಿಸಿಕೊಳ್ಳಲಿ.

30 ವರ್ಷದ ಹಿಂದಿನ ಮಾತು. ಗ್ಯಾರೇಜಿನವನು ಹಿಂದಿನ ಲೀಫ್ ಸ್ಪ್ರಿಂಗಿನ ಕಟ್ಟಿನಿಂದ ಎರಡು ಪ್ಲೇಟು ತೆಗೆದ. ಮುಂದೆ ಟಾರ್ಷನ್ ಬಾರ್ ಇತ್ತು, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ. ಅದರ ಬೋಲ್ಟ್ ಸಡಿಲ ಮಾಡಿ ಮುಂಭಾಗವನ್ನೂ ಇಳಿಸಿದ. ಅರ್ಧ ದಿನದ ಕೆಲಸ. ಗಾಡಿ ಹೊರಗೆ ಬಂದಾಗ ನನಗೂ ಖುಷಿಯಾಯಿತು. ಮೊದಲ ವಾರ ಏನೂ ತೊಂದರೆ ಇಲ್ಲ.

ಎರಡನೇ ವಾರ ಲೋಡ್ ಹಾಕಿದಾಗ ಶುರುವಾಯಿತು. ಸಣ್ಣ ಗುಂಡಿ ಬಂದರೂ ಹಿಂದೆ ಧಡ್ ಅಂತ ಹೊಡೆತ. ಯಾಕೆ ಅಂದರೆ, ಎರಡು ಹಿಂದಿನ ಚಕ್ರದ ನಡುವಿನ ಆಕ್ಸಲ್ ಮೇಲಕ್ಕೆ ಬಂದು ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಬಡಿಯಬಾರದು ಅಂತ ನಡುವೆ ಒಂದು ರಬ್ಬರ್ ಇರುತ್ತದೆ, ಬಂಪ್ ಸ್ಟಾಪ್ ಅಂತಾರೆ. ಖಾಲಿ ಗಾಡಿಯಲ್ಲಿ ಅಲ್ಲಿ 4 ಇಂಚು ಜಾಗ ಇದೆ ಅಂತ ಇಟ್ಟುಕೊಳ್ಳಿ. 3 ಇಂಚು ಇಳಿಸಿದರೆ ಉಳಿದದ್ದು ಒಂದೇ ಇಂಚು. ಅದರ ಮೇಲೆ ಲೋಡ್ ಹಾಕಿದರೆ ಆ ಒಂದು ಇಂಚೂ ಇಲ್ಲ. ಪಿಕಪ್ಪಿನ ಹಿಂಭಾಗ ಖಾಲಿ ಇದ್ದಾಗ ಎತ್ತರವಾಗಿ ನಿಂತಿರುತ್ತದಲ್ವಾ, ಅದು ಕಂಪನಿಯವರು ಅಂದಗೆಡಿಸಲು ಮಾಡಿದ್ದಲ್ಲ. ಭಾರ ಬಿದ್ದಾಗ ಇಳಿಯುವುದಕ್ಕೆ ಬಿಟ್ಟ ಜಾಗ ಅದು. ಸ್ಪ್ರಿಂಗ್ ಕಟ್ಟಿನ ಕೆಳಗಿರುವ ದಪ್ಪ ಪ್ಲೇಟು ಕೂಡ ಸುಮ್ನೆ ಇಟ್ಟಿದ್ದಲ್ಲ. ಭಾರ ಜಾಸ್ತಿ ಆದಾಗ ಹೆಗಲು ಕೊಡುವುದೇ ಅದು. ನಮ್ಮ ಗ್ಯಾರೇಜಿನವನು ತೆಗೆದ ಎರಡರಲ್ಲಿ ಅದೂ ಒಂದು.

ಇಷ್ಟಾದರೂ ನಾನು ಸಹಿಸಿಕೊಂಡೆ. ಲೋಡ್ ಕಡಿಮೆ ಹಾಕಿದೆ, ನಿಧಾನ ಓಡಿಸಿದೆ. ಅಪಾಯ ಲೋಡ್ ಇದ್ದಾಗ ಅಂತ ಅಂದುಕೊಂಡಿದ್ದೆ. ಅದೇ ನಾನು ಮಾಡಿದ ತಪ್ಪು. ಅಪಾಯ ಇದ್ದದ್ದು ಖಾಲಿ ಗಾಡಿಯಲ್ಲಿ.

ಆವತ್ತು ಸಾಮಾನು ಇಳಿಸಿ ವಾಪಸ್ ಬರುತ್ತಿದ್ದೆ. ಮಳೆ ಬರುತ್ತಿತ್ತು. ಪಕ್ಕದಲ್ಲಿ ನಿಮ್ಮತ್ತಿಗೆ ಕೂತಿದ್ದಳು. ಒಂದು ನಿಮಿಷ, ಅವಳು ಏನೋ ಹೇಳುತ್ತಿದ್ದಾಳೆ. ಹಾಂ, ಮಳೆ ನಿಂತಿತ್ತಂತೆ, ರಸ್ತೆ ಒದ್ದೆ ಇತ್ತಂತೆ. ಸರಿ, ಅವಳು ಹೇಳಿದ್ದೇ ಸರಿ ಇರಬೇಕು. ವೇಗ 40ರ ಮೇಲೆ ಇರಲಿಲ್ಲ. ಮುಂದೆ ಸೈಕಲ್ಲಿನಲ್ಲಿ ಒಬ್ಬ ಹುಡುಗ ಅಡ್ಡ ಬಂದ. ಬ್ರೇಕ್ ತುಳಿದೆ. ಮುಂದಿನ ಚಕ್ರ ಇನ್ನೂ ಉರುಳುತ್ತಿದೆ, ಹಿಂದಿನ ಎರಡೂ ಚಕ್ರ ಕಚ್ಚಿ ನಿಂತುಬಿಟ್ಟವು. ಹಿಂಭಾಗ ಬಲಕ್ಕೆ ಜಾರಿತು. ಸ್ಟೀರಿಂಗ್ ತಿರುಗಿಸಿದೆ, ಏನೂ ಪ್ರಯೋಜನ ಇಲ್ಲ. ಗಾಡಿ ಪೂರ್ತಿ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ಮರಕ್ಕೆ ಹೊಡೆಯಿತು. ಹುಡುಗನಿಗೆ ಏನೂ ಆಗಲಿಲ್ಲ. ನಿಮ್ಮತ್ತಿಗೆಯ ಬಾಗಿಲ ಕಡೆಯೇ ಹೊಡೆತ ಬಿದ್ದದ್ದು. ಅವಳ ಎಡ ಭುಜ ಇವತ್ತಿಗೂ ಪೂರ್ತಿ ಮೇಲೆ ಏಳುವುದಿಲ್ಲ, ನೀವು ನೋಡಿದ್ದೀರಿ.

ಕಾರಣ ಕೇಳಿ. ಪುಟ್ಟಾ, ನೀನು ಗಮನ ಇಟ್ಟು ಕೇಳು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಹಿಂಭಾಗ ಹಗುರ ಆಗುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗದಲ್ಲಿ ಭಾರವೇ ಇಲ್ಲ. ಅದಕ್ಕೆ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಹೋಗಬೇಕು. ಲೋಡ್ ಇದ್ದಾಗ ಜಾಸ್ತಿ ಹೋಗಬೇಕು. ಇದನ್ನು ನೋಡಿಕೊಳ್ಳುವುದಕ್ಕೆ ಎಷ್ಟೋ ಪಿಕಪ್ಪುಗಳಲ್ಲಿ ಹಿಂದೆ ಚಾಸಿಗೆ ಒಂದು ವಾಲ್ವ್ ಕೂರಿಸಿರುತ್ತಾರೆ. ಅದರಿಂದ ಒಂದು ಕಡ್ಡಿ ಆಕ್ಸಲ್‌ಗೆ ಬಂದಿರುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಅಂತಾರೆ. ಚಾಸಿಗೂ ಆಕ್ಸಲ್‌ಗೂ ನಡುವೆ ಅಂತರ ಕಡಿಮೆ ಆದರೆ ಕಡ್ಡಿ ಸರಿಯುತ್ತದೆ. ಓ, ಲೋಡ್ ಬಂತು ಅಂತ ವಾಲ್ವ್ ತಿಳಿದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತದೆ. ಅದಕ್ಕೆ ಕಣ್ಣಿಲ್ಲ. ಆ ಅಂತರ ಒಂದೇ ಅದಕ್ಕೆ ಗೊತ್ತಿರುವುದು.

ನಾನು ಸ್ಪ್ರಿಂಗ್ ಇಳಿಸಿದಾಗ ಆ ಅಂತರ ಶಾಶ್ವತವಾಗಿ ಕಡಿಮೆ ಆಯಿತು. ಗಾಡಿ ಖಾಲಿ, ಆದರೆ ಬ್ರೇಕಿನ ಲೆಕ್ಕದಲ್ಲಿ ಯಾವಾಗಲೂ ಲೋಡ್ ತುಂಬಿದ ಗಾಡಿ. ಒಣ ರಸ್ತೆಯಲ್ಲಿ ಗೊತ್ತಾಗಲಿಲ್ಲ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಕಚ್ಚಿತು. ಕಚ್ಚಿ ನಿಂತ ಚಕ್ರಕ್ಕೆ ಪಕ್ಕಕ್ಕೆ ಹಿಡಿತವೇ ಇರುವುದಿಲ್ಲ, ಅದು ಎತ್ತ ಬೇಕಾದರೂ ಜಾರುತ್ತದೆ. ಮುಂದಿನ ಚಕ್ರ ಕಚ್ಚಿದ್ದರೆ ಗಾಡಿ ನೆಟ್ಟಗೆ ಹೋಗುತ್ತಿತ್ತು. ಹಿಂದಿನದು ಮೊದಲು ಕಚ್ಚಿದರೆ ಬಾಲ ತಿರುಗುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ ಪುಟ್ಟಾ, ಹಿಂಭಾಗ ಇಳಿಸಿದ ಮೇಲೆ ಬ್ರೇಕಿನ ಆ ಕಡ್ಡಿ ನೋಡದೆ ಗಾಡಿಯನ್ನು ರಸ್ತೆಗೆ ಇಳಿಸಬೇಡ.

ಈ ವಾಲ್ವಿನ ವಿಷಯ ನನಗೆ ಗೊತ್ತಾದದ್ದೇ ಎರಡು ತಿಂಗಳ ಮೇಲೆ. ತಗ್ಗಿಸಿಕೊಟ್ಟ ಗ್ಯಾರೇಜಿನವನು ಬಂದು ನೋಡಿ, ಬ್ರೇಕ್ ಸರಿಯಾಗೇ ಇದೆಯಲ್ಲ ಸಾರ್ ಅಂದ. ಲೈನರ್ ಚೆನ್ನಾಗಿತ್ತು, ಆಯಿಲ್ ಇತ್ತು. ಬೇರೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಗಾಡಿ ಕೆಳಗೆ ಮಲಗಿ, ಟಾರ್ಚ್ ಹಾಕಿ, ಈ ಕಡ್ಡಿ ಎತ್ತ ನಿಂತಿದೆ ನೋಡಿ ಅಂತ ತೋರಿಸಿದ. ಲೋಡ್ ಇಲ್ಲದ ಗಾಡಿಯಲ್ಲಿ ಕಡ್ಡಿ ಪೂರ್ತಿ ಲೋಡಿನ ಜಾಗದಲ್ಲಿ ನಿಂತಿತ್ತು. ನಾನು ಅಲ್ಲೇ ಕೂತುಬಿಟ್ಟೆ.

ಆದರೆ ಅಷ್ಟು ಹೊತ್ತಿಗೆ ಮನೆಯಲ್ಲಿ ತೀರ್ಪು ಆಗಿಹೋಗಿತ್ತು. ದೊಡ್ಡಣ್ಣ, ನೀನೂ ಈ ಗ್ರೂಪಿನಲ್ಲಿ ಇದ್ದೀಯ, ಇವತ್ತು ಹೇಳಿಬಿಡುತ್ತೇನೆ. ಅವಳಿಗೆ ಪ್ಲಾಸ್ಟರ್ ಹಾಕಿಸಿ ಹೊರಗೆ ಬಂದಾಗ ನೀನು ಎಲ್ಲರ ಎದುರು ಅಂದೆ, ಇವನ ಕಾಲು ಆಕ್ಸಿಲರೇಟರ್ ಬಿಟ್ಟು ಮೇಲೆ ಬಂದರೆ ತಾನೇ ಅಂತ. ನಾನು ವೇಗವಾಗಿ ಓಡಿಸುವವನಲ್ಲ ಅಂತ ನಿನಗೆ ಗೊತ್ತಿತ್ತು. ಒಟ್ಟಿಗೆ ಗಾಡಿ ಕಲಿತವರು ನಾವು. ಆಮೇಲೆ ವಾಲ್ವಿನ ವಿಷಯ ಹೇಳಲು ಬಂದರೆ, ಆಗಿದ್ದು ಆಯಿತು ಬಿಡು ಅಂದೆ. ಎಲ್ಲರೂ ಹಾಗೇ ಅಂದರು. ನನಗೆ ಆಗಿಹೋಗಿರಲಿಲ್ಲ. ನೀಲಿ ಗಾಡಿಯನ್ನು ನನ್ನನ್ನು ಒಂದು ಮಾತು ಕೇಳದೆ ಮಾರಿದಿರಿ. ತೆಗೆದುಕೊಂಡವನಿಗೆ ಆ ಕಡ್ಡಿಯ ವಿಷಯ ಯಾರಾದರೂ ಹೇಳಿದಿರಾ? ಆ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಅವನು ಹುಷಾರಾಗಿ ಓಡಿಸಿದನೋ, ಅವನ ಪಕ್ಕದಲ್ಲಿ ಯಾರು ಕೂತಿರುತ್ತಿದ್ದರೋ. ನನ್ನ ಮೇಲೆ ತಪ್ಪು ಹೊರಿಸಿದ್ದಕ್ಕಿಂತ ಜಾಸ್ತಿ ನೋವು ಅದು. ಅಣ್ಣ, ಜಗಳಕ್ಕೆ ಹೇಳುತ್ತಿಲ್ಲ. ಒಂದು ಸಲ ಕೇಳಿಸಿಕೊಳ್ಳಲಿ ಅಂತ ಹೇಳಿದೆ.

ಏನು? ಹಾಂ. ನಿಮ್ಮತ್ತಿಗೆ ಬೈಯುತ್ತಿದ್ದಾಳೆ, ತಂಗಿ ಕೇಳಿದ್ದು ಒಂದು, ನೀವು ಹೇಳುತ್ತಿರುವುದು ಒಂದು, ಈಗ ಹುಡುಗ ಏನು ಮಾಡಬೇಕು ಅದನ್ನು ಹೇಳಿ ಅಂತ. ಹೌದು, ಅದೇ ಬಿಟ್ಟುಹೋಯಿತು.

ನೋಡು ಪುಟ್ಟಾ, ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನೀನು ಯಾರಿಗೂ ಹೇಳದೆ ಮಾಡಿಸುತ್ತೀಯ, ಅದು ಇನ್ನೂ ಕಷ್ಟ. ಮೊದಲು ಒಂದು ತೀರ್ಮಾನ ಮಾಡು. ಈ ಗಾಡಿಯಲ್ಲಿ ಲೋಡ್ ಹಾಕುತ್ತೀಯಾ, ಇಲ್ಲವಾ? ಪೂರ್ತಿ ಲೋಡ್ ಹಾಕುವುದಿದ್ದರೆ ಹಿಂಭಾಗ ಮುಟ್ಟಬೇಡ. ಟ್ರೈಲರ್ ಎಳೆಯುವ ಯೋಚನೆ ಇದ್ದರೂ ಮುಟ್ಟಬೇಡ. ಕೊಂಡಿಯ ಎತ್ತರ ತಗ್ಗಿದರೆ ಟ್ರೈಲರ್ ಮುಂದಕ್ಕೆ ಬಾಗುತ್ತದೆ. ಬರೀ ಓಡಾಟಕ್ಕೆ, ಹಗುರ ಸಾಮಾನಿಗೆ ಆದರೆ 2 ಇಂಚಿಗೆ ನಿಲ್ಲಿಸು. 3 ಬೇಡ.

ಪ್ಲೇಟು ತೆಗೆಯುವುದು, ಕಾಯಿಲ್ ಸ್ಪ್ರಿಂಗ್ ಕತ್ತರಿಸುವುದು, ಕಾಯಿಸಿ ಬಗ್ಗಿಸುವುದು ಇವನ್ನೆಲ್ಲ ಮಾಡುವ ಗ್ಯಾರೇಜಿಗೆ ಕಾಲಿಡಬೇಡ. ಸ್ಪ್ರಿಂಗಿಗೆ ಬಿಸಿ ತಾಗಿಸಿದರೆ ಅದರ ಗಟ್ಟಿತನ ಹೋಗುತ್ತದೆ. ಆ ಗಾಡಿಗೇ ಅಂತ ಮಾಡಿದ ಸ್ಪ್ರಿಂಗ್ ಹಾಕಿಸು. ಮುಂದಕ್ಕೆ ಡ್ರಾಪ್ ಸ್ಪಿಂಡಲ್ ಸಿಗುವ ಗಾಡಿ ಆದರೆ ಅದು ಒಳ್ಳೆಯದು. ಅದರಲ್ಲಿ ಚಕ್ರದ ಹಬ್ ಕೂರುವ ಜಾಗ ಮೇಲೆ ಹೋಗುತ್ತದೆ, ಸ್ಪ್ರಿಂಗ್ ಆಡುವ ಜಾಗ ಉಳಿಯುತ್ತದೆ. ಹಿಂದೆ ಆಕ್ಸಲ್ ಹೌಸಿಂಗಿನ, ಅಂದರೆ ಆಕ್ಸಲ್ಲಿನ ಹೊರಕವಚದ, ಮೇಲಿರುವ ಲೀಫ್ ಸ್ಪ್ರಿಂಗನ್ನು ಕೆಳಗೆ ಹಾಕಿಕೊಡುತ್ತೇವೆ ಅಂತ ಯಾರಾದರೂ ಹೇಳುತ್ತಾರೆ. ಅದರಲ್ಲಿ ಒಂದೇ ಏಟಿಗೆ ಐದಾರು ಇಂಚು ಇಳಿಯುತ್ತದೆ. ಹೌಸಿಂಗ್ ಬಡಿಯದ ಹಾಗೆ ಚಾಸಿಯನ್ನೇ ಕತ್ತರಿಸಿ ಗಟ್ಟಿ ತುಂಡು ಕೂರಿಸಬೇಕಾಗುತ್ತದೆ. ಚಾಸಿ ಅಂದರೆ ಗಾಡಿಯ ಬೆನ್ನೆಲುಬು. ಅದಕ್ಕೆ ಕೈ ಹಾಕಿಸಬೇಡ.

ಸ್ಪ್ರಿಂಗ್ ಜೊತೆಗೆ ಶಾಕ್ ಅಬ್ಸಾರ್ಬರ್ ಕೂಡ ಗಿಡ್ಡದ್ದು ಬೇಕು. ಹಳೆಯದನ್ನೇ ಬಿಟ್ಟರೆ ಗುಂಡಿ ಬಿದ್ದಾಗ ಅದರ ರಾಡು ತಳಕ್ಕೆ ಹೋಗಿ ಹೊಡೆಯುತ್ತದೆ. ಲೀಫ್ ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟಿ ಹಿಡಿಯುವ ಯು ಬೋಲ್ಟ್ ಬಿಚ್ಚಿದರೆ ಹಳೆಯದನ್ನು ಮತ್ತೆ ಹಾಕಿಸಬೇಡ, ಹೊಸದೇ ಹಾಕಿಸು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅದರ ಟಾರ್ಕ್, ಅಂದರೆ ಬಿಗಿ, ಸರಿಯಾಗಿದೆಯಾ ಅಂತ ಇನ್ನೊಮ್ಮೆ ನೋಡಿಸು. ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್. ಮುಂಭಾಗ ತಗ್ಗಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೋ, ಅಂದರೆ ಚಕ್ರಗಳ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು, ಅದೂ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳಗಿನ ಅಂಚು ಸವೆದು ಹೋಗುತ್ತದೆ, ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಓಡುವಾಗ ಕೆಳಗಿಂದ ಜುಮ್ ಅಂತ ನಡುಗಿದರೆ ಎಂಜಿನ್ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿರಬಹುದು, ಓಡಿಸುತ್ತಾ ಇರಬೇಡ. ಹೆಡ್‌ಲೈಟ್ ಕೂಡ ನೋಡಿಸು. ಹಿಂಭಾಗ ಮಾತ್ರ ಇಳಿಸಿದರೆ ಬೆಳಕು ಎದುರಿನವನ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಆ ಕಡ್ಡಿ. ನಿನ್ನದು ಹೊಸ ಗಾಡಿ. ಚಕ್ರ ಕಚ್ಚದ ಹಾಗೆ ನೋಡಿಕೊಳ್ಳುವ ಎಬಿಎಸ್ ಜೊತೆಗೆ ಬ್ರೇಕಿನ ಒತ್ತಡ ಹಂಚುವ ಇಬಿಡಿ ಇದ್ದರೆ, ಹಿಂದೆ ಮುಂದೆ ಒತ್ತಡ ಹಂಚುವುದನ್ನು ಕಂಪ್ಯೂಟರ್ ಚಕ್ರದ ವೇಗ ನೋಡಿ ಮಾಡುತ್ತದೆ. ಆದರೆ ಎಬಿಎಸ್ ಇದೆ ಅಂದ ಮಾತ್ರಕ್ಕೆ ವಾಲ್ವ್ ಇಲ್ಲ ಅಂತ ತಿಳಿಯಬೇಡ, ಎರಡೂ ಇರುವ ಗಾಡಿ ಇವೆ. ವಾಲ್ವ್ ಇದ್ದರೆ ಹೊಸ ಎತ್ತರಕ್ಕೆ ತಕ್ಕಂತೆ ಕಡ್ಡಿಯ ಬ್ರಾಕೆಟ್ ಸರಿಮಾಡಿಸಬೇಕು. ಕಣ್ಣಂದಾಜಿನಲ್ಲಿ ಬಗ್ಗಿಸುವುದಲ್ಲ. ಆ ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್ಲಿನ ಅಳತೆ ನೋಡಿ, ಹಿಂದಿನ ಮುಂದಿನ ಬ್ರೇಕಿಗೆ ಪ್ರೆಶರ್ ಗೇಜ್ ಹಾಕಿ ಪರೀಕ್ಷೆ ಮಾಡಬೇಕು. ಗೇಜ್ ಇಲ್ಲದ ಗ್ಯಾರೇಜ್ ಆದರೆ ಅಲ್ಲಿ ಮಾಡಿಸಬೇಡ. ಮತ್ತೆ ಹೇಳುತ್ತಿದ್ದೇನೆ, ಹಿಂಭಾಗ ಇಳಿಸಿದ ಮೇಲೆ ಆ ಕಡ್ಡಿ ನೋಡದೆ ಗಾಡಿಯನ್ನು ರಸ್ತೆಗೆ ಇಳಿಸಬೇಡ. ಖಾಲಿ ಗಾಡಿ ಅಂತ ಧೈರ್ಯ ಮಾಡಬೇಡ. ನನಗೆ ಆದದ್ದು ಖಾಲಿ ಗಾಡಿಯಲ್ಲೇ.

ವಿಮೆಯವರಿಗೆ ಮೊದಲೇ ತಿಳಿಸು. ಬದಲಾವಣೆ ಮಾಡಿಸಬಹುದಾ, ಯಾರ ಅನುಮತಿ ಬೇಕು, ವಾರಂಟಿ ಉಳಿಯುತ್ತದಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೋ.

ತಂಗೀ, ನೀನು ಒಂದು ಕೆಲಸ ಮಾಡು. ಗ್ಯಾರೇಜಿಗೆ ಬಿಡುವ ಮುಂಚೆ ಪುಟ್ಟನಿಗೆ ಗಾಡಿಯ ಹಿಂಬದಿಯ ಕೆಳಗೆ ಒಂದು ಫೋಟೋ ತೆಗೆಯಲು ಹೇಳು. ಸಮತಟ್ಟು ಜಾಗದಲ್ಲಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು. ಜಾಕ್ ಹಾಕಿ ಒಳಗೆ ನುಗ್ಗುವುದು ಬೇಡ, ಮೊಬೈಲ್ ಹಿಡಿದ ಕೈ ಒಳಗೆ ಚಾಚಿದರೆ ಸಾಕು. ಹಿಂದಿನ ಹೌಸಿಂಗ್, ಅದರ ಮೇಲಿನ ಚಾಸಿ, ಎರಡೂ ಒಂದೇ ಫೋಟೋದಲ್ಲಿ ಬರಲಿ. ಕಡ್ಡಿ ಇದ್ದರೆ ನನಗೆ ಕಂಡೇ ಕಾಣುತ್ತದೆ. ಇಲ್ಲಿಗೇ ಕಳಿಸು, ಕಾಯುತ್ತಿರುತ್ತೇನೆ.