ಅಂಬಿಗರಿಗೆ ‘ಹೊಣೆಗಾರಿಕೆ ವಿಮೆ’ ಅಂದರೆ ಏನೆಂದು ಕೇಳಿಸುತ್ತದೆ?

ಎಲ್ಲರಿಗೂ ನಮಸ್ಕಾರ. ಹಾವೇರಿ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗಾಗಿ, ಮಂದಿ ದಾಟಿಸುವ ದೋಣಿಗಳ ವಿಮೆ ಬಗ್ಗೆ ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ‘ಲಯಬಿಲಿಟಿ ಇನ್ಶೂರೆನ್ಸ್’ ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂಬಲ್ಲಿಗೆ ಬಂದು ನಿಂತಿದ್ದೇನೆ.

ಮೊದಲ ಕರಡಿನಲ್ಲಿ ರೂಢಿಯ ‘ಹೊಣೆಗಾರಿಕೆ ವಿಮೆ’ಯನ್ನೇ ಇಟ್ಟಿದ್ದೆ. ಗಲಗನಾಥದ ಹತ್ತಿರ, ವರದಾ ತುಂಗಭದ್ರೆಗೆ ಕೂಡುವಲ್ಲಿ, ಹರಗೋಲು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಕೈಯಲ್ಲಿನ ಅರಿವೆ ಕೆಳಗಿಟ್ಟು ಕೇಳಿದರು: “ಅಲ್ರೀ ಸರ, ಹೊಣೆಗಾರಿಕಿ ಅಂತ ಸಹಿ ಮಾಡಿದ್ರ, ತಪ್ಪು ನಂದ ಅಂತ ಮೊದಲ ಬರಕೊಟ್ಟಂಗ ಆಗೂದಿಲ್ಲೇನು?” ಸ್ವಲ್ಪ ತಡೆದು, “ನಾ ಹೊಳಿಪಾಲಾದ್ರ ನಮ್ಮ ಮನಿಯವರಿಗೆ ರೊಕ್ಕ ಬರತೈತೇನು?” ಎಂದರು.

ಎರಡೂ ಪ್ರಶ್ನೆ ನನ್ನ ಕನ್ನಡದ್ದೇ ತಪ್ಪು ತೋರಿಸಿದವು. ಈ ವಿಮೆಯಿಂದ ರೊಕ್ಕ ಬರುವುದು ದೋಣಿಯವನಿಗಲ್ಲ, ದೋಣಿಯಲ್ಲಿ ಕೂತು ಪೆಟ್ಟಾದವರಿಗೆ ಅಥವಾ ತೀರಿಹೋದವರ ಮನೆಯವರಿಗೆ. ದೋಣಿಯವನು ತೆರಬೇಕಾಗಿ ಬರುವ ಪರಿಹಾರವನ್ನು ಕಂಪನಿ ತೆರುತ್ತದೆ. ‘ಹೊಣೆಗಾರಿಕೆ ವಿಮೆ’ ಎಂಬ ಮಾತಿನಲ್ಲಿ ಇದರ ಸುಳಿವೇ ಇಲ್ಲ.

ಆದರೆ ‘ಹೊಣೆ’ಯನ್ನು ಬಿಡಲು ಮನಸ್ಸಿಲ್ಲ. ಹಳಗನ್ನಡದ ‘ಪೊಣೆ’ಗೆ ಕಿಟೆಲ್ ಕೋಶ (1894) ಕೊಡುವ ಅರ್ಥ ಜಾಮೀನು, ಒಬ್ಬನ ಪರವಾಗಿ ಇನ್ನೊಬ್ಬ ನಿಲ್ಲುವುದು. ‘ಅವನಿಗೆ ನಾನು ಹೊಣೆ’ ಎಂದು ಇವತ್ತಿಗೂ ಅನ್ನುತ್ತೇವಲ್ಲ, ಅದು. ಆ ಅರ್ಥ ಹಿಡಿದು ಹಿರಿಯರಿಗೆ ಮತ್ತೆ ಹೇಳಿದೆ: “ಕಂಪನಿ ನಿಮಗ ಹೊಣೆ ನಿಲ್ಲತೈತ್ರಿ.” ತಕ್ಷಣ ತಿಳಿಯಿತು ಅವರಿಗೆ. ಹೊಣೆ ಅಂಬಿಗನ ತಲೆಯಿಂದ ಇಳಿದು ಕಂಪನಿಯ ಹೆಗಲಿಗೆ ಹೋಯಿತು. ಹಾಗಿದ್ದರೆ ಪತ್ರದಲ್ಲಿ ‘ಹೊಣೆ ನಿಲ್ಲುವ ವಿಮೆ’ ಎಂದು ಬರೆದರೆ ಕಾನೂನು ಬಲ್ಲವರು ಒಪ್ಪುವರೇ? ‘ಪರಿಹಾರ ಹೊಣೆ ವಿಮೆ’ ಅನ್ನುವುದೂ ಮನಸ್ಸಿಗೆ ಬಂದಿದೆ, ಆದರೆ ಮೂರು ಪದ ಗುದ್ದಾಡಿದ ಹಾಗೆ ಕೇಳುತ್ತದೆ.

‘ಜವಾಬ್ದಾರಿ’ಯನ್ನು ಬೇಕೆಂದೇ ದೂರವಿಟ್ಟಿದ್ದೇನೆ. ಕೆರೆಯ ದೋಣಿವಿಹಾರದ ಫಲಕಗಳಲ್ಲಿ ‘ನಿಮ್ಮ ಸ್ವಂತ ಜವಾಬ್ದಾರಿಯ ಮೇಲೆ’ ಎಂದು ಬರೆದಿರುತ್ತಾರೆ. ಅಲ್ಲಿ ಅದು ಅಪಾಯದ ಮಾತು, ಹೊಳೆಯಲ್ಲಿ “ಕೂಡ್ರಿ, ನಾ ಜವಾಬ್ದಾರಿ” ಎಂದರೆ ಭರವಸೆಯ ಮಾತು. ಒಂದೇ ಪದವನ್ನು ಎರಡು ದಂಡೆಗೂ ಕಟ್ಟಿದರೆ ವಿಮೆಯ ಕಾಗದದಲ್ಲಿ ಗೊಂದಲವಾಗುತ್ತದೆ.

‘ಮೂರನೇ ವ್ಯಕ್ತಿ’ಯೂ ಹೀಗೇ. ವಿಮೆ ಮಾಡಿಸುವವ ಒಂದು, ಕಂಪನಿ ಎರಡು, ಉಳಿದವರೆಲ್ಲ ಮೂರನೆಯವರು. ಹರಗೋಲಿನಲ್ಲಿ ಹತ್ತು ಮಂದಿ ಕೂತಿರುವಾಗ ‘ಮೂರನೇ ವ್ಯಕ್ತಿ’ ಎಂದರೆ ಜನ ಎಣಿಸಲು ಶುರುಮಾಡುತ್ತಾರೆ. ‘ದೋಣಿಯಲ್ಲಿ ಕೂತ ಮಂದಿ’ ಎಂದು ನೇರವಾಗಿ ಬರೆದಿದ್ದೇನೆ.

ಇನ್ನು ‘ನೌಕೆ’. 1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರಚಾಲಿತ ನೌಕೆಗಳಿಗೆ ವಿಮೆ ಕಡ್ಡಾಯ ಮಾಡಿದೆ. ಯಂತ್ರವಿಲ್ಲದವಕ್ಕೆ ಬೇರೆ ಅಧ್ಯಾಯವೇ ಇದೆ. ನಮ್ಮವರ ಕಿವಿಗೆ ನೌಕೆ ಎಂದರೆ ಯುದ್ಧನೌಕೆ, ಇಲ್ಲವೇ ಬಾಹ್ಯಾಕಾಶ ನೌಕೆ. ಹುಟ್ಟು ಹಾಕಿ ನಡೆಸುವುದು ‘ಹರಗೋಲು’, ಎಂಜಿನ್ ಕೂಡಿಸಿದ್ದು ‘ಮಷೀನ್ ದೋಣಿ’. ಕಾನೂನು ಗೆರೆ ಎಳೆಯುವುದೂ ಇಲ್ಲಿಯೇ, ಆದ್ದರಿಂದ ಈ ಎರಡು ಮಾತನ್ನೇ ಪತ್ರದಲ್ಲಿ ಇಟ್ಟಿದ್ದೇನೆ.

ಉಳಿದದ್ದು, ದುಡ್ಡು ಪಡೆದು ಮಂದಿ ದಾಟಿಸುವ ದೋಣಿಗೆ ಹೇಳುವ ‘ಬಾಡಿಗೆಗೆ’ ಎಂಬ ಮಾತು. ನಮ್ಮಜ್ಜನ ಕಾಲಕ್ಕೆ ಅಂಬಿಗರಿಗೆ ರೊಕ್ಕ ಕೊಡುತ್ತಿರಲಿಲ್ಲ, ರಾಶಿ ಹೊತ್ತಿಗೆ ಕಣದಲ್ಲಿ ಜೋಳ ಅಳೆಯುತ್ತಿದ್ದರು. ಅದಕ್ಕೆ ಬಾಡಿಗೆ ಎನ್ನುತ್ತಿರಲಿಲ್ಲ, ‘ಆಯ’ ಎನ್ನುತ್ತಿದ್ದರು. ಇವತ್ತಿಗೂ ಕಾಳು ಪಡೆದು ದಾಟಿಸುವವರಿದ್ದರೆ, ‘ಬಾಡಿಗೆ ದೋಣಿ’ ಎಂದು ಓದಿದಾಗ ಅದು ತಮ್ಮ ಮಾತಲ್ಲ ಎಂದುಕೊಂಡಾರು. ರೊಕ್ಕ, ಕಾಳು ಎರಡನ್ನೂ ಹಿಡಿಯುವ ಒಂದು ಪದ ಬೇಕು. ‘ಕೂಲಿ’ ಸರಿಹೋಗುವುದಿಲ್ಲ. ಕೃಷ್ಣಾ, ಕಾಳಿ ದಂಡೆಯ ಕಡೆಯವರು ದಾಟಿಸಿದ್ದಕ್ಕೆ ಕೊಡುವುದನ್ನು ಏನೆನ್ನುತ್ತೀರಿ?