ಎಲ್ಲ ಪೋರ್ಟ್‌ಗಳೂ ಪಾಸ್ ಆದರೆ ಚಿಂತೆಯಿಲ್ಲವೇ?

(ಎಲೆಕ್ಟ್ರಾನಿಕ್ಸ್ ವಿಭಾಗದ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು, ಭಾನುವಾರ; ಬರೆದವರನ್ನು ಊರಿನ ಹೆಸರಿನಿಂದ ಗುರುತಿಸಿದೆ)

ಪುಣೆ, ಬೆಳಿಗ್ಗೆ 9:12
ಗೆಳೆಯರೇ, ಸ್ಟೋರೇಜ್ ನೆಟ್‌ವರ್ಕ್ (ಸರ್ವರ್‌ಗಳನ್ನು ದತ್ತಾಂಶದ ಡಿಸ್ಕ್‌ಗಳಿಗೆ ಜೋಡಿಸುವ ಜಾಲ) ನೋಡಿಕೊಳ್ಳುವವರಿಗೆ ಉಪಯೋಗವಾಗಲೆಂದು ನನಗೆ ಬಂದ ತಪಾಸಣಾ ಪಟ್ಟಿಯನ್ನು ಇಲ್ಲಿ ಹಾಕುತ್ತಿದ್ದೇನೆ. ‘ಬ್ರೊಕೇಡ್ ಸ್ವಿಚ್ (ಆ ಜಾಲದ ಕೇಬಲ್‌ಗಳು ಸೇರುವ ಪೆಟ್ಟಿಗೆ) ಇರುವವರು ಪ್ರತಿ ತಿಂಗಳ ಕೊನೆಯ ಶನಿವಾರ ರಾತ್ರಿ ಮೊದಲು ದೋಷಗಳ ಎಣಿಕೆಯನ್ನು ಅಳಿಸಬೇಕು. ನಂತರ ಸಿಸ್ಟಮ್‌ವೆರಿಫಿಕೇಶನ್ (ಇಡೀ ಸ್ವಿಚ್ಚನ್ನು ಪರೀಕ್ಷಿಸುವ ಆದೇಶ) ಓಡಿಸಬೇಕು. ಎಲ್ಲ ಪೋರ್ಟ್‌ಗಳೂ ಪಾಸ್ ಆದರೆ ಮುಂದಿನ ತಿಂಗಳವರೆಗೆ ಚಿಂತೆಯಿಲ್ಲ.’

ಬೆಂಗಳೂರು, 9:40
ಈ ಪಟ್ಟಿಯನ್ನು ಚಾಲ್ತಿಯಲ್ಲಿರುವ ಸ್ವಿಚ್ ಮೇಲೆ ಯಾರೂ ಪ್ರಯೋಗಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸಿಸ್ಟಮ್‌ವೆರಿಫಿಕೇಶನ್ ಆಗಲಿ, ಪೋರ್ಟ್‌ಲೂಪ್‌ಬ್ಯಾಕ್‌ಟೆಸ್ಟ್ ಆಗಲಿ, ಸ್ವಿಚ್ಚನ್ನು ಸೇವೆಯಿಂದ ಹೊರಗಿಟ್ಟು ಮಾಡುವ ಪರೀಕ್ಷೆಗಳು. ಪೋರ್ಟ್‌ನಿಂದ ಹೊರಟ ಫ್ರೇಮನ್ನು, ಅಂದರೆ ದತ್ತಾಂಶದ ಕಟ್ಟನ್ನು, ಅದೇ ಪೋರ್ಟ್‌ಗೆ ಮರಳಿಸಿ, ಹೋದದ್ದೇ ಬಂದಿದೆಯೇ ಎಂದು ಹೋಲಿಸಿ ನೋಡುತ್ತಿರುವಾಗ ಆ ಪೋರ್ಟ್ ಸರ್ವರ್‌ನ ದತ್ತಾಂಶವನ್ನು ಸಾಗಿಸಲಾರದು. ಹೊಸ ಸ್ವಿಚ್ಚನ್ನು ರ‍್ಯಾಕ್‌ಗೆ ಏರಿಸಿದ ದಿನವೋ, ಕೆಟ್ಟಿದೆಯೆಂಬ ಅನುಮಾನದಿಂದ ಸೇವೆಯಿಂದ ಹೊರಗಿಟ್ಟ ದಿನವೋ ಅದನ್ನು ಮಾಡೋಣ, ತಿಂಗಳಿಗೊಮ್ಮೆ ಬೇಡ.

ಪುಣೆ, 9:48
ಆದರೆ ಎಲ್ಲ ಕಡೆಯೂ ಎ ಮತ್ತು ಬಿ ಎಂದು ಎರಡು ಫ್ಯಾಬ್ರಿಕ್ (ಪ್ರತ್ಯೇಕ ಸ್ವಿಚ್ ಜಾಲ) ಇರುತ್ತವೆಯಲ್ಲ? ಎ ಕಡೆಯ ಸ್ವಿಚ್ ಪರೀಕ್ಷೆಯಲ್ಲಿರುವಾಗ ಬಿ ಕಡೆಯಿಂದ ಕೆಲಸ ನಡೆಯುತ್ತದೆ. ಎರಡು ದಾರಿಗಳನ್ನು ಇಟ್ಟಿರುವುದೇ ಇಂಥ ಸಂದರ್ಭಕ್ಕೆ.

ಬೆಂಗಳೂರು, 10:15
ನಾನೂ ಒಮ್ಮೆ ಹೀಗೆಯೇ ನಂಬಿದ್ದೆ. ಒಂದು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಎ ಫ್ಯಾಬ್ರಿಕ್‌ನ ಸ್ವಿಚ್ಚನ್ನು ಡಿಸೇಬಲ್ ಮಾಡಿದೆ. ಹನ್ನೊಂದು ಸರ್ವರ್‌ಗಳು ಬಿ ದಾರಿಗೆ ಸಲೀಸಾಗಿ ಹೊರಳಿದವು. ಹನ್ನೆರಡನೆಯದು, ಪ್ರಯೋಗಾಲಯದ ವರದಿಗಳಿದ್ದ ಹಳೆಯ ಲಿನಕ್ಸ್ ಸರ್ವರ್, ಡಿಸ್ಕ್‌ಗಳನ್ನು ಕಳೆದುಕೊಂಡಿತು. ಅದರ ಎರಡನೆಯ ಎಚ್‌ಬಿಎ (ಸರ್ವರನ್ನು ಈ ಜಾಲಕ್ಕೆ ಜೋಡಿಸುವ) ಕಾರ್ಡಿನ ಕೇಬಲ್ ಜಾಗದಲ್ಲೇ ಇತ್ತು, ದೀಪ ಹಸಿರಾಗಿಯೇ ಉರಿಯುತ್ತಿತ್ತು. ಆದರೆ ಕೆಲವು ತಿಂಗಳ ಹಿಂದೆ ಆ ಕಾರ್ಡನ್ನು ಬದಲಾಯಿಸಿದಾಗ ಹೊಸ ಕಾರ್ಡಿನ ಡಬ್ಲ್ಯೂಡಬ್ಲ್ಯೂಎನ್ ಎಂಬ ಗುರುತಿನ ಸಂಖ್ಯೆಯನ್ನು ಬಿ ಫ್ಯಾಬ್ರಿಕ್‌ನ ಜೋನ್‌ಗೆ (ಯಾರು ಯಾರನ್ನು ತಲುಪಬಹುದೆಂಬ ಪಟ್ಟಿಗೆ) ಯಾರೂ ಸೇರಿಸಿರಲಿಲ್ಲ. ಬೆಳಗಿನ ಐದೂವರೆಯವರೆಗೆ ಪ್ರಯೋಗಾಲಯದವರು ರಕ್ತಪರೀಕ್ಷೆಯ ಫಲಿತಾಂಶಗಳನ್ನು ಕೈಯಲ್ಲಿ ಬರೆದು ವಾರ್ಡುಗಳಿಗೆ ಕಳಿಸಿದರು. ಆ ಚೀಟಿಗಳನ್ನು ಹಿಡಿದು ಕಾರಿಡಾರಿನಲ್ಲಿ ಓಡುತ್ತಿದ್ದ ಹುಡುಗ ಇಂದಿಗೂ ನನ್ನ ಕಣ್ಣ ಮುಂದಿದ್ದಾನೆ. ಸ್ವಿಚ್ ಮುಟ್ಟುವ ಮೊದಲು ಪ್ರತಿ ಸರ್ವರ್‌ನ ಮಲ್ಟಿಪಾತ್ ಪಟ್ಟಿಯನ್ನು ತೆರೆದು, ಎರಡೂ ಕಡೆಯ ದಾರಿಗಳು ಜೀವಂತವಾಗಿವೆಯೇ ಎಂದು ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಧಾರವಾಡ, 10:31
ಹಾಗಾದರೆ ನಾವು ಏನನ್ನು ನೋಡಬೇಕು? ನಮ್ಮಲ್ಲಿ ಎರಡು ಸ್ವಿಚ್‌ಗಳ ನಡುವೆ 16 ಗಿಗಾ ವೇಗದ ಎರಡು ಕೊಂಡಿಗಳಿವೆ. ಒಂದರಲ್ಲಿ ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟ ಫ್ರೇಮ್‌ಗಳ ಎಣಿಕೆ) ಎರಡು ಲಕ್ಷ ದಾಟಿದೆ. ಸ್ವಿಚ್ಚನ್ನೇ ಬದಲಾಯಿಸಬೇಕೆಂದು ಕೆಲವರು ಹೇಳುತ್ತಿದ್ದಾರೆ.

ಬೆಂಗಳೂರು, 10:58
ಎರಡು ಲಕ್ಷ ಎಂದರೆ ಎಂದಿನಿಂದ? ಪೋರ್ಟ್‌ಎರ್‌ಶೋ ಆದೇಶ ತೋರಿಸುವುದು ಕಳೆದ ಸಲ ಅಳಿಸಿದ ಮೇಲೆ ಕೂಡಿಕೊಂಡ ಒಟ್ಟು ಲೆಕ್ಕ, ಅದು ಎರಡು ವರ್ಷದ್ದೂ ಇರಬಹುದು. ಆದ್ದರಿಂದ ಮೊದಲು ಈಗಿನ ಅಂಕಿಗಳನ್ನು ಕಡತದಲ್ಲಿ ಉಳಿಸಿ, ಆಮೇಲೆ ಅಳಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ಓದಿ. ಪುಣೆಯ ಗೆಳೆಯರು ಹಾಕಿದ ಪಟ್ಟಿ ಓದುವ ಮೊದಲೇ ಅಳಿಸಲು ಹೇಳುತ್ತದೆ, ಅಂದರೆ ಇರುವ ಸಾಕ್ಷ್ಯವೂ ಹೋಗುತ್ತದೆ.

ಓದುವಾಗ ಸಿಆರ್‌ಸಿ ಅಂಕಣವನ್ನಷ್ಟೇ ನೋಡಿದರೆ ಸಾಲದು, ಪಕ್ಕದ ‘ಸಿಆರ್‌ಸಿ ಜಿ-ಇಒಎಫ್’ (ಬಾಲ ಸರಿಯಿದ್ದೂ ಒಡಲು ಕೆಟ್ಟ ಫ್ರೇಮ್‌ಗಳ ಲೆಕ್ಕ) ಅಂಕಣವನ್ನೂ ನೋಡಿ. ಕೆಟ್ಟ ಫ್ರೇಮನ್ನು ಮೊದಲು ಗುರುತಿಸಿದ ಸ್ವಿಚ್ ಅದರ ಬಾಲದಲ್ಲಿ ಗುರುತು ಹಾಕಿ ಮುಂದೆ ಬಿಡುತ್ತದೆ. ಬಾಲ ಸರಿಯಿದ್ದು ಒಡಲು ಕೆಟ್ಟಿದ್ದರೆ ಅದು ಈ ಕೊಂಡಿಯಲ್ಲೇ ಕೆಟ್ಟಿದೆ, ಗುರುತು ಮೊದಲೇ ಬಿದ್ದಿದ್ದರೆ ಬೇರೆಲ್ಲೋ ಕೆಟ್ಟು ಇಲ್ಲಿಗೆ ಬಂದಿದೆ. ಇದನ್ನು ನೋಡದೆ ತಪ್ಪು ಜಾಗದ ಕೇಬಲ್ ಬದಲಾಯಿಸುತ್ತಾ ಹೋದವರನ್ನು ಬಹಳ ಕಂಡಿದ್ದೇನೆ. ಜೊತೆಗೆ ಎಸ್‌ಎಫ್‌ಪಿಶೋ ಆದೇಶ ಕೊಟ್ಟು (ಎಸ್‌ಎಫ್‌ಪಿ ಎಂದರೆ ಪೋರ್ಟ್‌ಗೆ ಸಿಕ್ಕಿಸುವ, ಬೆಳಕನ್ನು ಕಳಿಸಿ ಪಡೆಯುವ ಭಾಗ), ಬಂದು ತಲುಪುತ್ತಿರುವ ಬೆಳಕಿನ ಪ್ರಮಾಣವನ್ನು ಅಕ್ಕಪಕ್ಕದ ಪೋರ್ಟ್‌ಗಳೊಂದಿಗೆ ಹೋಲಿಸಿ. ಈ ಓದುಗಳು ಸಂಚಾರವನ್ನು ತಡೆಯುವುದಿಲ್ಲ.

ಕೊಂಡಿಯನ್ನೇ ಪರೀಕ್ಷಿಸಬೇಕಾದರೆ ಡಿ-ಪೋರ್ಟ್ ಎಂಬ ತಪಾಸಣಾ ವಿಧಾನ ಇದೆ. ಎರಡೂ ತುದಿಯ ಸ್ವಿಚ್‌ಗಳು ಅದನ್ನು ಬಲ್ಲವಾಗಿರಬೇಕು. ಆ ಒಂದು ಜೋಡಿ ಪೋರ್ಟ್ ಮಾತ್ರ ಸೇವೆಯಿಂದ ಹೊರಗಿರುತ್ತದೆ. ವಿದ್ಯುತ್ ಲೂಪ್‌ಬ್ಯಾಕ್, ಬೆಳಕಿನ ಲೂಪ್‌ಬ್ಯಾಕ್, ಕೊಂಡಿಯ ಮೇಲಿನ ಸಂಚಾರ ಹೀಗೆ ಹಂತಹಂತವಾಗಿ ಪರೀಕ್ಷೆ ನಡೆದು, ಕೇಬಲ್‌ನ ಉದ್ದವೂ ಅಂದಾಜಾಗಿ ತಿಳಿಯುತ್ತದೆ. ಆ ಹೊತ್ತಿನಲ್ಲಿ ಉಳಿದ ಒಂದೇ ಕೊಂಡಿ ಪೂರ್ತಿ ಭಾರವನ್ನು ಹೊರಬಲ್ಲುದೇ ಎಂದು ಮೊದಲೇ ನೋಡಿಕೊಳ್ಳಿ.

ಪುಣೆ, 11:20
ಎಣಿಕೆ ಓದಿದರೆ ಕೇಬಲ್ ದೋಷ ಸಿಗಬಹುದು, ಚಿಪ್‌ನೊಳಗಿನ ದೋಷ ಹೇಗೆ ಸಿಗುತ್ತದೆ? ಪರೀಕ್ಷೆಯನ್ನೇ ಮಾಡದೆ ಬಿಟ್ಟರೆ ಅದು ಗೊತ್ತಾಗುವುದು ಸ್ವಿಚ್ ನಿಂತ ದಿನವೇ.

ಬೆಂಗಳೂರು, 11:37
ಈ ಮಾತನ್ನು ಒಪ್ಪುತ್ತೇನೆ. ಅದಕ್ಕಾಗಿಯೇ ಸ್ವಿಚ್‌ಗೆ ವಿದ್ಯುತ್ ಕೊಟ್ಟಾಗ ಪೋಸ್ಟ್ (ಆರಂಭದ ಸ್ವಯಂಪರೀಕ್ಷೆ) ತಾನಾಗಿಯೇ ನಡೆಯುತ್ತದೆ. ಬೇಗ ಮೇಲೇಳಲೆಂದು ಡಯಾಗ್‌ಡಿಸೇಬಲ್‌ಪೋಸ್ಟ್ ಕೊಟ್ಟು ಅದನ್ನು ನಿಲ್ಲಿಸಿರುವವರು ದಯವಿಟ್ಟು ಮತ್ತೆ ಚಾಲನೆಗೆ ತನ್ನಿ. ವರ್ಷಕ್ಕೊಮ್ಮೆ, ಮೊದಲೇ ತಿಳಿಸಿದ ನಿರ್ವಹಣಾ ಅವಧಿಯಲ್ಲಿ, ದಾರಿಗಳನ್ನೆಲ್ಲ ಪರಿಶೀಲಿಸಿದ ನಂತರ ಪೂರ್ತಿ ಪರೀಕ್ಷೆ ಮಾಡುವುದಾದರೆ ನನ್ನ ತಕರಾರಿಲ್ಲ.

ಆದರೆ ಪಟ್ಟಿಯ ಕೊನೆಯ ಸಾಲಿಗೆ ಈಗಲೂ ಒಪ್ಪಿಗೆಯಿಲ್ಲ. ಈ ಜಾಲಗಳು ಬಳಸುವ ಫೈಬರ್ ಚಾನೆಲ್ ಪದ್ಧತಿಯಲ್ಲಿ ಎದುರಿನ ಪೋರ್ಟ್ ಕ್ರೆಡಿಟ್ (ಜಾಗವಿದೆ ಎಂಬ ಅನುಮತಿ) ಕೊಟ್ಟರಷ್ಟೇ ಫ್ರೇಮ್ ಕಳಿಸಬಹುದು. ಒಂದು ಸೋಮಾರಿ ಸರ್ವರ್ ಕ್ರೆಡಿಟ್ ಹಿಂದಿರುಗಿಸಲು ತಡಮಾಡಿದರೆ ಅದರ ಹಿಂದೆ ಫ್ರೇಮ್‌ಗಳು ಸಾಲುಗಟ್ಟಿ ನಿಂತು, ಏನೂ ತಪ್ಪು ಮಾಡದ ಬೇರೆ ಸರ್ವರ್‌ಗಳೂ ನಿಧಾನವಾಗುತ್ತವೆ. ಲೂಪ್‌ಬ್ಯಾಕ್ ಪರೀಕ್ಷೆಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಆಗ ಆ ಸರ್ವರ್ ಚಿತ್ರದಲ್ಲೇ ಇರುವುದಿಲ್ಲ. ಕಾಣುವುದು ಕ್ರೆಡಿಟ್ ಶೂನ್ಯವಾಗಿದ್ದ ಸಮಯವನ್ನು 2.5 ಮೈಕ್ರೋಸೆಕೆಂಡಿಗೊಮ್ಮೆ ಎಣಿಸುವ ಕೌಂಟರ್‌ನಲ್ಲಿ, ಅದೂ ಸ್ವಿಚ್ ಕೆಲಸದಲ್ಲಿರುವಾಗ.

ಧಾರವಾಡ, ಸಂಜೆ 5:05
ಅಂಕಿಗಳನ್ನು ಉಳಿಸಿ, ಅಳಿಸಿ, ಈಗ ಮತ್ತೆ ಓದಿದೆ. ಐದು ಗಂಟೆಯಲ್ಲಿ ಸಿಆರ್‌ಸಿ 37, ಜಿ-ಇಒಎಫ್ ಅಂಕಣದಲ್ಲೂ 37. ಬೆಳಕು ಈ ಪೋರ್ಟ್‌ನಲ್ಲಿ ಮೈನಸ್ 9.1 ಡಿಬಿಎಂ (ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ), ಪಕ್ಕದ ಕೊಂಡಿಯಲ್ಲಿ ಮೈನಸ್ 2.9.

ಬೆಂಗಳೂರು, 5:14
ಆರು ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ, ಎಂದರೆ ಪಕ್ಕದ ಕೊಂಡಿಗೆ ತಲುಪುವ ಬೆಳಕಿನ ಕಾಲುಭಾಗವೂ ಇಲ್ಲಿಗೆ ತಲುಪುತ್ತಿಲ್ಲ. ಸ್ವಿಚ್ ಬದಲಾಯಿಸಬೇಡಿ. ಆ ಕೊಂಡಿಯ ಪೋರ್ಟನ್ನು ನಿಲ್ಲಿಸಿ, ಎರಡೂ ತುದಿಯ ಕನೆಕ್ಟರ್‌ಗಳನ್ನು ಬಿಚ್ಚಿ, ಫೈಬರ್ ಸ್ಕೋಪ್‌ನಲ್ಲಿ ನೋಡಿ. ಬರಿಗಣ್ಣಿಗೆ ಸ್ವಚ್ಛವಾಗಿ ಕಂಡರೂ ನಡುವಿನ ಚುಕ್ಕಿಯ ಮೇಲೆ ಬೆರಳಿನ ಜಿಡ್ಡು ಕೂತಿರುತ್ತದೆ. ಒಣ ಕ್ಲೀನರ್‌ನಿಂದ ಒರೆಸಿ, ಮತ್ತೆ ಸ್ಕೋಪ್‌ನಲ್ಲಿ ನೋಡಿ ಸಿಕ್ಕಿಸಿದ ಮೇಲೆ ಡಿ-ಪೋರ್ಟ್ ಓಡಿಸಿ. ಸರಿಹೋಗದಿದ್ದರೆ ಕೇಬಲ್, ಆಮೇಲೆ ಎರಡೂ ತುದಿಯ ಎಸ್‌ಎಫ್‌ಪಿ.

ಧಾರವಾಡ, ರಾತ್ರಿ 8:22
ದೂರದ ತುದಿಯಲ್ಲಿ ಜಿಡ್ಡಿತ್ತು. ಒರೆಸಿದ ನಂತರ ಮೈನಸ್ 3.1ಕ್ಕೆ ಬಂದಿದೆ, ಡಿ-ಪೋರ್ಟ್ ಪಾಸ್ ಆಗಿದೆ, ಕೊಂಡಿ ಮತ್ತೆ ಸೇವೆಯಲ್ಲಿದೆ. ನಾಳೆ ಬೆಳಿಗ್ಗೆ ಎಣಿಕೆಯನ್ನು ಮತ್ತೊಮ್ಮೆ ಓದುತ್ತೇನೆ.

ಪುಣೆ, 8:40
ಬೆಳಿಗ್ಗೆ ಹಾಕಿದ ಪಟ್ಟಿಯನ್ನು ಅಳಿಸುತ್ತಿದ್ದೇನೆ. ಅದನ್ನು ಇನ್ನೂ ಎರಡು ಗುಂಪುಗಳಿಗೆ ಕಳಿಸಿದ್ದೆ, ಅಲ್ಲಿಯೂ ಅಳಿಸಿ ಕಾರಣವನ್ನು ಬರೆಯುತ್ತೇನೆ. ವರ್ಷಕ್ಕೊಮ್ಮೆ ಸಾಲದು, ಆರು ತಿಂಗಳಿಗೊಮ್ಮೆಯಾದರೂ ಪೂರ್ತಿ ಪರೀಕ್ಷೆ ಬೇಕೆಂಬ ನನ್ನ ಅಭಿಪ್ರಾಯ ಮಾತ್ರ ಹಾಗೆಯೇ ಇದೆ.